ಗಂಗವ್ವ ಗಂಡಾದದ್ದು

ಹಳೇ ಹುಬ್ಬಳ್ಳ್ಯಾಗ ನಂದು ಮೋಟಾರ್ ರಿವೈಂಡಿಂಗ್ ಅಂಗಡಿ.
ತಾಮ್ರದ ತಂತಿ ಸುತ್ತೂದು, ಸುತ್ತು ಎಣಸೂದು,
ವಾರ್ನಿಷ್ ವಾಸನಿ ಕುಡಿಯೂದು.
ಅಲ್ಲೇ ಕಪಾಟಿನ ಮೂರನೇ ಅರಿಯೊಳಗ
ನಾಕ ವರ್ಷದಿಂದ ಗಂಗವ್ವನ ಬಿಡಾರ.

ಬಂದಾಗ ಜ್ವಾಳದ ಕಾಳಿನಷ್ಟ ಇದ್ದಳು.
ಗುಳಗಿ ಡಬ್ಬ್ಯಾಗ ಹಸಿ ಹತ್ತಿ ಹಾಸಿ
ದಾವಲಸಾಬ ತಂದುಕೊಟ್ಟಿದ್ದ:
‘ಚಿಲಿ ಅಂತೊಂದು ದೇಶ, ಅಲ್ಲೀ ಜೇಡ ಇದು.
ಹೆಣ್ಣಾದ್ರ ಇಪ್ಪತ್ತು ವರ್ಷ ಬಾಳತೈತಿ,
ನಿನಗ ಜೋಡಿ ಆಗತೈತಿ ತೊಗೊ.’
ಗಂಡಾದ್ರ? ಅಂತ ನಾ ಕೇಳಲಿಲ್ಲ.

ವರ್ಷಕ್ಕೊಮ್ಮೆ ಎರಡ ಸಲ ಪೊರಿ ಬಿಡತಿದ್ದಳು.
ಮೊದಲನೇ ಸಲ ಅಂಗಾತ ಬಿದ್ದದ್ದು ನೋಡಿ
ಸತ್ತಳಂತ ಮಣ್ಣ ಮಾಡಾಕ ಹೊಂಟಿದ್ದೆ.
ಆಮ್ಯಾಲ ರೂಢಿ ಆತು.
ಕಳಚಿದ ಪೊರಿ ಎಲ್ಲಾ ನಟ್ಟು ಬೋಲ್ಟಿನ ಡಬ್ಬ್ಯಾಗ ಇಟ್ಟೀನಿ,
ಒಂದಕ್ಕಿಂತ ಒಂದು ದೊಡ್ಡು,
ಬೆಳೆಯೂ ಮಗಳ ಹಳೇ ಚಪ್ಪಲಿ ಇದ್ದಂಗ.

ಹೋದ ಶ್ರಾವಣದಾಗ ಮತ್ತ ಅಂಗಾತ ಮಲಗಿದಳು.
ಫ್ಯಾನ್ ಬಂದ್ ಮಾಡಿ, ಶಟರ್ ಅರ್ಧಾ ಇಳಿಸಿ
‘ಇವತ್ತ ಕರೆಂಟಿಲ್ಲರಿ’ ಅಂತ
ಬಂದ ಗಿರಾಕಿನ್ನೆಲ್ಲಾ ಸುಳ್ಳು ಹೇಳಿ ಸಾಗಹಾಕಿದೆ.
ಬಾಜೂ ಹಿಟ್ಟಿನ ಗಿರಣಿ ಗರ್ರ್ ಅಂತಿತ್ತು. ಯಾರೂ ಕೇಳಲಿಲ್ಲ.

ಸಂಜಿಮುಂದ ಎದ್ದು ನಿಂತದ್ದು ಬ್ಯಾರೇ ಜೀವ.
ಕಾಲು ಉದ್ದ, ತೆಳ್ಳಗ.
ಬೆನ್ನಿಗೆ ಈಗಷ್ಟ ಸುರುಳಿ ಬಿಚ್ಚಿದ ತಾಮ್ರದ ಹೊಳಪು.
ಭೂತಗನ್ನಡಿ ಹಿಡಿದೆ:
ಬಾಯಿ ಮುಂದಿನ ಸಣ್ಣ ಕೈ ಎರಡಕ್ಕೂ
ಬಾಕ್ಸಿಂಗ್ ಆಡಾವರ ಗವಸಿನಂಗ ಗುಂಡನ್ನ ಗಂಟು,
ಮುಂಗಾಲಿನ ಒಳಮಗ್ಗಲಿಗೆ ಒಂದೊಂದು ಕೊಕ್ಕಿ.

ದಾವಲಸಾಬಗ ಫೋನ್ ಹಚ್ಚಿದೆ.
‘ಹಂಗಾರ ಗಂಡು. ಇದ ಕಡೀ ಪೊರಿ.
ಇನ್ನೊಂದು ವರ್ಷ. ಭಾಳ ಅಂದ್ರ ಒಂದೂವರಿ.’
ಇಷ್ಟು ಹೇಳಿ, ಎರಡ ನಂಬರ್ ಬೇರಿಂಗ್ ಅದಾವೇನು ಅಂದ.

ಹೆಸರು ಬದಲಸಲಿಲ್ಲ.
ನಾಕ ವರ್ಷ ಕರದ ನಾಲಿಗಿ, ಹೊಳ್ಳೂದಿಲ್ಲ.
ಗಂಗವ್ವ ಎದ್ದ. ಗಂಗವ್ವ ಇವತ್ತೂ ಉಣಲಿಲ್ಲ.

ಕುಂತಲ್ಲೇ ತಿಂಗಳಗಟ್ಟಲೆ ಕುಂಡ್ರತಿದ್ದಾಂವ
ಈಗ ರಾತ್ರಿಯೆಲ್ಲಾ ಗಾಜಿಂದ ಗಾಜಿಗೆ ಅಳೀತಾನ.
ಮಿಡತಿ ಹಾಕಿದ್ರ ಅದರ ಮ್ಯಾಲೇ ದಾಟಿ ಹೋಗ್ತಾನ.
ನಡು ನಡುವ ನಿಂತು ನೆಲಕ್ಕ ಬಡೀತಾನ,
ಟಪಟಪ, ಟಪಟಪ,
ಮತ್ತ ಕಿವಿಗೊಟ್ಟಂಗ ಸುಮ್ಮನ.
ಕಿವಿ ಇಲ್ಲಂತ. ಆದ್ರೂ.

ಫೇಡೆ ಡಬ್ಬಿಗೆ ತೂತು ಕೊರದು
ಚಿಗರಿ ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡು ಹೊಂಟೆ.
ಬಾಜೂ ಕುಂತ ಹಿರ್ಯಾರು ನಕ್ಕರು:
‘ಧಾರವಾಡಕ್ಕ ಫೇಡೆ ಒಯ್ಯಾವರನ್ನ ಇವತ್ತ ನೋಡಿದೆ ನೋಡ್ರಿ.’
ಬೀಗರ ಮನಿಗೆ ಅಂದೆ.

ಮಾಳಮಡ್ಡಿ ವೃಂದಾ ಟೀಚರ್ ಕಡೆ ಹನ್ನೊಂದು ವರ್ಷದ ಹೆಣ್ಣೈತಿ.
ಹೆಸರಿಟ್ಟಿಲ್ಲ. ‘ಯಾಕ ಬೇಕು? ಕರದ್ರ ಬರ್ತಾಳೇನು?’
ಕಟಗಿ ಸ್ಕೇಲ್ ಕೈಯಾಗ ಹಿಡಕೊಂಡು ನಿಂತರು,
ಜಗಳ ಬಿಡಸಾಕ.
ಗಂಗವ್ವ ಬಡದ. ಚಾ ಆರಿತು. ಮತ್ತ ಬಡದ.
ಬಿಲದಾಗಿಂದ ಒಂದ ಸಲ, ತಡಾ ಮಾಡಿ, ಸಪ್ಪಳ ಬಂತು.

ಆಕಿ ಬಂದದ್ದು ಹಲ್ಲು ತಗದ.
ಒಂದೊಂದು ಹಲ್ಲಿಗೆ ಒಂದೊಂದು ಕೊಕ್ಕಿ ಸಿಗಿಸಿ
ಆಕಿನ್ನ ಮ್ಯಾಲಕ್ಕ ಎತ್ತಿ ಹಿಡದ ನೋಡ್ರಿ,
ನಡಗಿದ, ಬಿಡಲಿಲ್ಲ.
ಆ ಕೊಕ್ಕಿ ಎದಕ್ಕಂತ ನನಗ ಅವತ್ತ ತಿಳೀತು.
ಟೀಚರ್ ಸ್ಕೇಲ್ ಎತ್ತಿದ್ದು ಎತ್ತಿದಂಗ.
ಆಮ್ಯಾಲ ಓಡಿದ ಅಂದ್ರ ಓಡಿದ,
ಒಂದು ಕಾಲು ಅಲ್ಲೇ ಬಿಟ್ಟು.

ಈಗ ಏಳ ಕಾಲಿನ ಮ್ಯಾಲ ಅದಾನ.
ಹೊಟ್ಟಿ ಸುಕ್ಕಾಗೇತಿ, ಬೆನ್ನ ತಾಮ್ರ ಕಪ್ಪಿಟ್ಟೇತಿ.
ಸೋಡಾ ಬಾಟ್ಲಿ ಮುಚ್ಚಳದಾಗಿನ ನೀರಿಗೆ ಬಾಯಿ ಹಚ್ಚತಾನ, ಅಷ್ಟ.
ಒಂಬತ್ತಕ್ಕ ಅಂಗಡಿ ಮುಚ್ಚಾವ, ಹನ್ನೊಂದರ ತನಕಾ ಕುಂತಿರ್ತೀನಿ.
ಸ್ಟೇಟರ್‌ಗೆ ಸುತ್ತು ಹಾಕತಿರ್ತೀನಿ, ನೂರಾ ನಲವತ್ತೊಂದು, ನೂರಾ ನಲವತ್ತೆರಡು,
ಟಪಟಪ ಅಂತಾನ,
ಲೆಕ್ಕ ತಪ್ಪತೈತಿ.
ಬಿಚ್ಚಿ ಮೊದಲಿಂದ ಸುತ್ತತೀನಿ.